ಹಂಪೆಯ ಹಾಳುಗಳನ್ನು ಒಂದು ಹಗಲಿನಲ್ಲಿ ನೋಡುವ ಕ್ರಮ

‘ಹಾಳು ಹಂಪೆ’ ಎಂಬ ಮಾತು ನಮ್ಮ ಜನರ ನಾಲಗೆಯಲ್ಲಿ ಎಷ್ಟು ಬಲವಾಗಿ ನೆಲೆಸಿದೆಯೆಂದರೆ, ಹಂಪೆಯನ್ನು ಕಣ್ಣಿನಿಂದ ಕಾಣದವರೂ ಅದನ್ನು ಆಡುತ್ತಾರೆ. ಈ ಎರಡು ಪದಗಳ ಜೋಡಿಯಲ್ಲಿ ಭಾಷೆಯ ದೃಷ್ಟಿಯಿಂದ ಒಂದು ಸ್ವಾರಸ್ಯವಿದೆ. ಹಳಗನ್ನಡದ ‘ಪಾೞ್’ ಎಂಬುದು ಹೊಸಗನ್ನಡದಲ್ಲಿ ‘ಹಾಳು’ ಆಯಿತು; ‘ಪಂಪೆ’ ಎಂಬುದು ‘ಹಂಪೆ’ ಆಯಿತು. ಪಕಾರವು ಹಕಾರವಾದ ಆ ಮಾರ್ಪಾಟನ್ನು ಎರಡು ಪದಗಳೂ ಒಟ್ಟಿಗೆ ಅನುಭವಿಸಿವೆ. ‘ಪಾೞ್’ ಎಂದರೆ ಜನವಸತಿ ತಪ್ಪಿದ ನೆಲ. ಆದುದರಿಂದ ಹಾಳೂರನ್ನು ನೋಡಹೋಗುವವನು, ಅಲ್ಲಿ ಹಿಂದೆ ಯಾರು ವಾಸವಾಗಿದ್ದರು, ಹೇಗೆ ವಾಸವಾಗಿದ್ದರು, ಏಕೆ ಎದ್ದುಹೋದರು ಎಂಬ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೋಗತಕ್ಕದ್ದು. ಅವಿಲ್ಲದೆ ಹೋದವನಿಗೆ ಕಾಣುವುದು ಬರಿಯ ಕಲ್ಲು.

ನಮ್ಮ ಪಾಠಶಾಲೆಗಳಿಂದ ವರ್ಷಕ್ಕೊಮ್ಮೆ ಹೊರಡುವ ಪ್ರವಾಸಗಳಲ್ಲಿ ಹಂಪೆಗೆ ಹೋಗಿಬರುವುದು ವಾಡಿಕೆ. ಅರುವತ್ತು ಎಪ್ಪತ್ತು ಮಕ್ಕಳು ಒಂದೇ ಬಸ್ಸಿನಲ್ಲಿ ಇಳಿಯುತ್ತಾರೆ. ಉಪಾಧ್ಯಾಯರು ಸೀಟಿ ಊದುತ್ತಾರೆ. ಮಾರ್ಗದರ್ಶಿಯೊಬ್ಬನು ಮುಂದೆ ನಿಂತು ಕೂಗಿ ಹೇಳುತ್ತಾನೆ. ಮೊದಲ ಎರಡು ಸಾಲಿನವರಿಗೆ ಕೇಳಿಸಿದ್ದು ಹಿಂದಿನವರಿಗೆ ಕೇಳಿಸದು. ಕಲ್ಲಿನ ರಥದ ಮುಂದೆ ಒಂದು ಭಾವಚಿತ್ರ, ಆಮೇಲೆ ಎಣಿಕೆ, ಆಮೇಲೆ ಮತ್ತೆ ಬಸ್ಸು. ಮೇಲೂರು, ಶಿಡ್ಲಘಟ್ಟ, ಚಿಂತಾಮಣಿಗಳ ಸುತ್ತಣ ಹಳ್ಳಿಗಳಲ್ಲಿ ರೇಷ್ಮೆಗೂಡು ಮಾರಿದ ಹಣದಲ್ಲಿ ಇಷ್ಟನ್ನು ಎತ್ತಿಟ್ಟು ಮಗುವನ್ನು ಪ್ರವಾಸಕ್ಕೆ ಕಳುಹಿಸುವ ತಂದೆತಾಯಿಗಳು ಅನೇಕರು. ಆ ಮಗುವಿಗೆ ಹಂಪೆಯ ದರ್ಶನವು ಜೀವಮಾನದಲ್ಲಿ ಒಂದೇ ಸಲ ಆಗಬಹುದು. ಆ ಒಂದು ಸಲವನ್ನು ಹೀಗೆ ಸೀಟಿಯ ಸದ್ದಿನಲ್ಲಿ ಕಳೆಯಬೇಕೇ ಎಂಬುದು ಈ ಲೇಖನಕ್ಕೆ ಪ್ರೇರಣೆ.

ಪಾಶ್ಚಾತ್ಯ ದೇಶಗಳಲ್ಲಿ ಪ್ರಾಚೀನ ಅವಶೇಷಗಳನ್ನು ನೋಡುವವರು ಬಹುಕಾಲದಿಂದ ಬೇರೊಂದು ಪದ್ಧತಿಯನ್ನು ರೂಢಿಸಿಕೊಂಡಿದ್ದಾರೆ. ರೋಮ್ ನಗರದಲ್ಲಿ ಹತ್ತು ಹನ್ನೆರಡು ಮಂದಿಯ ಚಿಕ್ಕ ತಂಡವೊಂದು ಪರವಾನಗಿ ಪಡೆದ ಒಬ್ಬ ಮಾರ್ಗದರ್ಶಿಯೊಡನೆ ಬೆಳಗಿನಿಂದ ಸಂಜೆಯವರೆಗೆ ಕಾಲ್ನಡಿಗೆಯಲ್ಲಿ ಸುತ್ತುತ್ತದೆ. ಕ್ರಿ.ಶ. ೮೦ರಲ್ಲಿ ಪ್ರಾರಂಭವಾದ ಕೊಲೋಸಿಯಂ ಎಂಬ ಮಹಾರಂಗಸ್ಥಳವನ್ನೂ ಫೋರಂ ಎಂಬ ಪುರಮಧ್ಯದ ಸಭಾಚೌಕವನ್ನೂ ಹೀಗೆ ನೋಡುತ್ತಾರೆ. ಆ ಫೋರಂ ಮಣ್ಣಿನಲ್ಲಿ ಹೂತುಹೋಗಿ, ಅನೇಕ ಶತಮಾನಗಳವರೆಗೆ ‘ಹಸುಗಳ ಬಯಲು’ ಎಂಬ ಹೆಸರಿನಿಂದ ಕರೆಯಿಸಿಕೊಂಡಿತ್ತು. ಹಂಪೆಯ ಅರಮನೆಗಳ ನೆಲದ ಮೇಲೆಯೂ ನೇಗಿಲು ಆಡಿದ್ದುಂಟು. ಈ ಎರಡು ನಗರಗಳನ್ನು ಹೋಲಿಸುವುದು ನಮ್ಮ ಅಭಿಮಾನದ ಉತ್ಪ್ರೇಕ್ಷೆಯಲ್ಲ. ಶ್ರೀಕೃಷ್ಣದೇವರಾಯನ ಕಾಲದಲ್ಲಿ, ೧೫೨೦ರ ಸುಮಾರಿಗೆ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸನೇ ಬೆಟ್ಟದ ಮೇಲೆ ನಿಂತು ನೋಡಿ, ಈ ಪಟ್ಟಣವು ರೋಮಿನಷ್ಟು ದೊಡ್ಡದಾಗಿ ತೋರಿತೆಂದು ಬರೆದಿಟ್ಟಿದ್ದಾನೆ. ಬೆಟ್ಟಗಳ ಮರೆಯಿಂದ ಪಟ್ಟಣವೆಲ್ಲವೂ ತನಗೆ ಕಾಣಲಿಲ್ಲವೆಂಬುದನ್ನೂ ಅವನು ಮರೆಮಾಚಿಲ್ಲ.

ತಂಡವು ಹತ್ತು ಹನ್ನೆರಡು ಮಂದಿಯನ್ನು ಮೀರಬಾರದು ಎನ್ನುವುದಕ್ಕೆ ಕಾರಣಗಳು ಸರಳವಾದುವು. ಒಬ್ಬ ಮನುಷ್ಯನು ಸಾವಧಾನವಾದ ಧ್ವನಿಯಲ್ಲಿ ಮಾತನಾಡಿದರೆ ಅಷ್ಟು ಮಂದಿಗೆ ಕೇಳಿಸುತ್ತದೆ. ಒಂದು ಕಂಬದ ಸುತ್ತ ಅಷ್ಟು ಮಂದಿ ನಿಂತು ಅದರ ಮೇಲಿನ ಶಿಲ್ಪವನ್ನು ನೋಡಬಹುದು. ಪ್ರಶ್ನೆ ಕೇಳಲು ಸಂಕೋಚಪಡುವ ಹುಡುಗನೂ ಅಷ್ಟು ಮಂದಿಯ ನಡುವೆ ಬಾಯಿ ಬಿಡುತ್ತಾನೆ.

ಮಾರ್ಗದರ್ಶಿಯ ಆಯ್ಕೆಯಲ್ಲಿ ಎಚ್ಚರ ಅವಶ್ಯಕ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿಯುಳ್ಳವರನ್ನೇ ಗೊತ್ತುಮಾಡಬೇಕು; ಯಾವ ಯಾವ ಸ್ಥಳ, ಎಷ್ಟು ಹೊತ್ತು, ಯಾವ ಭಾಷೆ, ಎಷ್ಟು ಸಂಭಾವನೆ ಎಂಬುದನ್ನು ಹೊರಡುವ ಮೊದಲೇ ಮಾತನಾಡಿಕೊಳ್ಳಬೇಕು. ಇನ್ನೊಂದು ನಿಬಂಧನೆಯನ್ನು ವಿನಯದಿಂದ ಹಾಕುವುದು ಒಳ್ಳೆಯದು: ಶಾಸನದಿಂದ ಸಿದ್ಧವಾದುದು ಯಾವುದು, ಪ್ರವಾಸಿಗರು ಕಂಡು ಬರೆದುದು ಯಾವುದು, ಜನರು ಹೇಳುವ ಕಥೆ ಯಾವುದು ಎಂದು ಮೂರನ್ನೂ ಬೇರೆ ಬೇರೆಯಾಗಿ ಹೇಳಬೇಕೆಂದು. ಒಳ್ಳೆಯ ಮಾರ್ಗದರ್ಶಿಗೆ ಇದರಿಂದ ಸಂತೋಷವೇ ಆಗುತ್ತದೆ. ಒಮ್ಮೆ ನಮಗೆ ದೊರೆತ ಒಬ್ಬಾತನು ಕಂಡಕಂಡ ಕಟ್ಟಡವನ್ನೆಲ್ಲ ರಾಣಿಯರಿಗೆ ಹಂಚಿಕೊಟ್ಟು, ಕೊನೆಗೆ ಹಂಚಲು ರಾಣಿಯರೇ ಸಾಲದೆ ಹೋದರು! ಕಥೆಯನ್ನು ಬೇಡವೆನ್ನುವುದಿಲ್ಲ, ಕಥೆಯನ್ನು ಕಥೆಯೆಂದೇ ಕೇಳುವುದು ವಿವೇಕ.

ಹೊರಡುವ ಮುನ್ನ ನಮ್ಮ ಸೀಮೆಯವರಿಗೆ ಒಂದು ಸೌಕರ್ಯವಿದೆ. ನಂದಿಗ್ರಾಮದ ಭೋಗನಂದೀಶ್ವರ ದೇವಾಲಯವನ್ನು ಒಂದು ದಿನ ನೋಡಿಬರಬಹುದು. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಎರಡು ಪ್ರಾಚೀನ ಗುಡಿಗಳೂ ಅವುಗಳ ನಡುವೆ ಆಮೇಲೆ ಸೇರಿಸಿದ ಉಮಾಮಹೇಶ್ವರನ ಗುಡಿಯೂ ಅಲ್ಲಿವೆ; ವಿಜಯನಗರದ ಕಾಲದ ಕಲ್ಯಾಣಮಂಟಪವೂ ಶೃಂಗಿತೀರ್ಥವೆಂಬ ಪುಷ್ಕರಿಣಿಯೂ ಇವೆ. ಅಧಿಷ್ಠಾನ, ಭಿತ್ತಿ, ಕಂಬ, ಬೋದಿಗೆ, ಶಿಖರ ಎಂಬ ಪದಗಳನ್ನು ಮಕ್ಕಳು ಅಲ್ಲಿ ಬೆರಳಿಟ್ಟು ಕಲಿತರೆ, ಹಂಪೆಯಲ್ಲಿ ಮಾರ್ಗದರ್ಶಿಯು ಅರ್ಧ ಹೊತ್ತನ್ನು ಪದಾರ್ಥ ಹೇಳುವುದರಲ್ಲಿ ಕಳೆಯಬೇಕಾಗುವುದಿಲ್ಲ. ಅಖಂಡವಾಗಿ ಪೂಜೆಗೊಳ್ಳುತ್ತಿರುವ ದೇವಾಲಯವನ್ನು ನೋಡಿದವನಿಗೇ ಭಗ್ನ ದೇವಾಲಯದಲ್ಲಿ ಏನು ಹೋಗಿದೆ ಎಂಬುದು ತಿಳಿಯುವುದು.

ಪ್ರಯಾಣದ ದಾರಿಯೂ ಪಾಠವೇ. ರೈಲಿನಲ್ಲಿ ಹೋಗುವವರಿಗೆ ಗೌರೀಬಿದನೂರು, ಹಿಂದೂಪುರಗಳನ್ನು ದಾಟಿದ ಮೇಲೆ ಪೆನುಕೊಂಡೆ ಸಿಕ್ಕುತ್ತದೆ. ಕ್ರಿ.ಶ. ೧೫೬೫ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ಅಳಿಯ ರಾಮರಾಯನು ಮಡಿದಮೇಲೆ ಅವನ ತಮ್ಮ ತಿರುಮಲರಾಯನು ರಾಜಧಾನಿಯನ್ನು ಕೊಂಡೊಯ್ದದ್ದು ಈ ಪೆನುಕೊಂಡೆಗೇ. ಅವನು ಓಡಿಬಂದ ದಿಕ್ಕಿಗೆ ಎದುರಾಗಿ ನಾವು ಹೋಗುತ್ತಿದ್ದೇವೆಂದು ಮಕ್ಕಳಿಗೆ ಹೇಳಿದರೆ ಕಿಟಕಿಯಿಂದ ಹೊರಗೆ ನೋಡಿಯಾರು. ರಸ್ತೆಯಲ್ಲಿ ತುಮಕೂರಿನ ಮೇಲೆ ಹೋಗುವವರಿಗೆ ಚಿತ್ರದುರ್ಗ ಸಿಕ್ಕುತ್ತದೆ. ಅಲ್ಲಿನ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಬಂಡೆಯ ಶಾಸನವಿದೆ, ಅಂಕಲಿಮಠದ ಗುಹೆಗಳಿವೆ, ೧೯೨೯ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ನೆಲವನ್ನು ಅಗೆಯಿಸಿ ನೋಡಿದ ಸ್ಥಳವದು. ಆಗಸ್ಟಸ್, ಟೈಬೀರಿಯಸ್ ಎಂಬ ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ಅಲ್ಲಿ ದೊರೆತಿವೆ. ರೋಮನ್ನು ನೋಡಲು ಹೋಗಲಾರದವರ ಹಿತ್ತಿಲಿಗೆ ರೋಮೇ ಬಂದಿತ್ತೆನ್ನಬಹುದು.

ರಾತ್ರಿ ಹೊಸಪೇಟೆಯಲ್ಲಿ ತಂಗಿ, ಸೂರ್ಯೋದಯಕ್ಕೆ ಮುಂಚೆ ಹಂಪೆಯನ್ನು ಸೇರಬೇಕು. ಹೊಸಪೇಟೆಯಿಂದ ಹಂಪೆಗೆ ಸುಮಾರು ೧೩ ಕಿಲೋಮೀಟರು. ಕಾರ್ತಿಕದಿಂದ ಮಾಘದವರೆಗಿನ ಕಾಲ ಪ್ರಶಸ್ತ; ಬೇಸಗೆಯಲ್ಲಿ ಹೆಬ್ಬಂಡೆಗಳು ಕಾದು ಹತ್ತು ಗಂಟೆಯ ಮೇಲೆ ನಿಲ್ಲಗೊಡುವುದಿಲ್ಲ. ಮೊದಲು ಹತ್ತತಕ್ಕದ್ದು ಹೇಮಕೂಟವನ್ನು. ಎತ್ತರವೇನೂ ಅಲ್ಲ, ಮಕ್ಕಳು ಓಡುತ್ತಲೇ ಹತ್ತುತ್ತಾರೆ.

ಹೇಮಕೂಟದಲ್ಲಿ ನಿಂತಾಗ ಕನ್ನಡ ಬಲ್ಲವರು ಒಂದು ವಿಷಯವನ್ನು ಮಾರ್ಗದರ್ಶಿಯು ಹೇಳದಿದ್ದರೂ ತಾವೇ ಹೇಳಬೇಕು. ಸಾಮಾನ್ಯವಾಗಿ ಹಂಪೆಯ ಕಥೆಯನ್ನು ೧೩೩೬ರಿಂದ, ಹರಿಹರ ಬುಕ್ಕರಿಂದ ಪ್ರಾರಂಭಿಸುತ್ತಾರೆ. ಅದಕ್ಕಿಂತ ನೂರು ವರ್ಷಕ್ಕೂ ಹಿಂದೆಯೇ ಮತ್ತೊಬ್ಬ ಹರಿಹರನು ಇಲ್ಲಿದ್ದನು; ರಗಳೆಗಳನ್ನೂ ಗಿರಿಜಾಕಲ್ಯಾಣವನ್ನೂ ಪಂಪಾಶತಕವನ್ನೂ ಬರೆದ ಮಹಾಕವಿ. ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದವನು ಆ ಉದ್ಯೋಗವನ್ನು ತೊರೆದು ವಿರೂಪಾಕ್ಷನ ಸನ್ನಿಧಿಗೆ ಬಂದನೆಂದು ಪರಂಪರೆ ಹೇಳುತ್ತದೆ. ಅವನ ಸೋದರಳಿಯ ರಾಘವಾಂಕನು ಹರಿಶ್ಚಂದ್ರಕಾವ್ಯವನ್ನು ಬರೆದವನು. ಈಗ ಕೆಳಗೆ ಕಾಣುವ ಮಹಾಗೋಪುರವನ್ನಾಗಲಿ, ರಥಬೀದಿಯನ್ನಾಗಲಿ, ಕೋಟೆಯ ಗೋಡೆಗಳನ್ನಾಗಲಿ ಹರಿಹರ ರಾಘವಾಂಕರು ನೋಡಿರಲಿಲ್ಲ. ಹೇಮಕೂಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಶಿಖರಗಳುಳ್ಳ ಚಿಕ್ಕ ಗುಡಿಗಳಿವೆಯಲ್ಲ, ಸಾಮ್ರಾಜ್ಯಕ್ಕೆ ಪೂರ್ವದ ಹಂಪೆಯನ್ನು ನೆನಪಿಗೆ ತರುವಂಥವು ಅವೇ. ಕವಿಯ ಹಂಪೆಯೆಂದರೆ ನದಿ, ಬಂಡೆ, ಕೆಲವು ಗುಡಿ, ಒಬ್ಬ ವಿರೂಪಾಕ್ಷ, ಅಷ್ಟೆ. ಇದನ್ನು ಅಲ್ಲಿಯೇ, ಆ ಬೆಳಗಿನ ಹೊತ್ತಿನಲ್ಲಿ, ಒಂದು ರಗಳೆಯನ್ನು ಓದಿ ತಿಳಿಸಿಕೊಡುವ ಉಪಾಧ್ಯಾಯನಿಗೆ ತರಗತಿಯಲ್ಲಿ ಒಂದು ತಿಂಗಳ ಶ್ರಮ ಉಳಿಯುತ್ತದೆ.

ನಮ್ಮ ಹಳೆಯ ಕೋಲಾರ ಸೀಮೆಗೂ ಈ ಊರಿಗೂ ಒಂದು ಕೊಂಡಿಯಿದೆ. ಪ್ರೌಢದೇವರಾಯನೆಂದು ಹೆಸರಾದ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, ೧೪೨೪ರಿಂದ ೧೪೪೬ರವರೆಗೆ, ಇಲ್ಲಿ ಶಿವಶರಣರ ಸಾಹಿತ್ಯಕ್ಕೆ ಮಹತ್ತಾದ ಆಶ್ರಯ ದೊರೆಯಿತು. ಚಾಮರಸನು ಪ್ರಭುಲಿಂಗಲೀಲೆಯನ್ನು ಬರೆದದ್ದು ಆಗಲೇ. ಶಿವತತ್ತ್ವಚಿಂತಾಮಣಿಯನ್ನು ಬರೆದ ಲಕ್ಕಣ್ಣ ದಂಡೇಶನು ಅದೇ ರಾಜನ ದಂಡನಾಯಕ. ಮುಳುಬಾಗಿಲು ರಾಜ್ಯದ ಅಧಿಕಾರವನ್ನು ನಡೆಸಿದವನು. ಹಂಪೆಯ ಅರಸನ ಅಧಿಕಾರಿಯಾಗಿ ನಮ್ಮ ನೆರೆಯಲ್ಲಿ ಕುಳಿತವನೇ ಶರಣರ ತತ್ತ್ವಗಳನ್ನು ಸಂಗ್ರಹಿಸಿದನೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕು.

ಹೇಮಕೂಟದಿಂದ ಇಳಿದರೆ ವಿರೂಪಾಕ್ಷನ ದೇವಾಲಯ. ಮಹಾಗೋಪುರವು ಸುಮಾರು ೫೦ ಮೀಟರು ಎತ್ತರ. ರಂಗಮಂಟಪವನ್ನು ಶ್ರೀಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದನೆಂಬುದಕ್ಕೆ ೧೫೧೦ರ ಶಾಸನವು ಅಲ್ಲಿಯೇ ಸಾಕ್ಷಿಯಾಗಿದೆ. ಒಳಗಿನ ಒಂದು ಕತ್ತಲೆಯ ಕೋಣೆಯ ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ತಪ್ಪದೆ ತೋರಿಸುತ್ತಾರೆ. ಇದರಲ್ಲಿ ಮಾಯೆಯಿಲ್ಲ. ಬೆಳಕು ಸರಳರೇಖೆಯಲ್ಲಿ ಚಲಿಸುವುದರಿಂದ, ಸಣ್ಣ ರಂಧ್ರವನ್ನು ಹೊಕ್ಕಾಗ ಮೇಲಿನಿಂದ ಬಂದ ಕಿರಣ ಕೆಳಕ್ಕೂ ಕೆಳಗಿನಿಂದ ಬಂದುದು ಮೇಲಕ್ಕೂ ಹೋಗುತ್ತದೆ. ವಿಜ್ಞಾನದ ಉಪಾಧ್ಯಾಯರು ಜೊತೆಯಲ್ಲಿದ್ದರೆ ಅವರ ಪಾಠವೂ ಇಲ್ಲಿಯೇ ಮುಗಿಯಿತು. ನಗರವು ಹಾಳಾದಮೇಲೂ ಈ ಒಂದು ದೇವಾಲಯದಲ್ಲಿ ಪೂಜೆ ನಡೆದುಕೊಂಡು ಬಂದಿದೆ. ‘ಹಾಳು’ ಎಂಬ ಮಾತು ಇದಕ್ಕೆ ಸಲ್ಲುವುದಿಲ್ಲ. ಎದುರಿನ ರಥಬೀದಿಯ ಸಾಲುಮಂಟಪಗಳಲ್ಲಿ ಅನೇಕ ಕುಟುಂಬಗಳು ಮನೆ, ಅಂಗಡಿಗಳನ್ನು ಮಾಡಿಕೊಂಡು ಬಾಳುತ್ತಿದ್ದವು. ೨೦೧೧ರಲ್ಲಿ ಸ್ಮಾರಕಗಳ ರಕ್ಷಣೆಯ ನಿಮಿತ್ತ ಅವನ್ನು ತೆರವುಗೊಳಿಸಲಾಯಿತು. ಮಂಟಪಗಳು ಉಳಿದವು, ಒಲೆಗಳು ಆರಿದವು. ರಕ್ಷಣೆ ಬೇಕು ಎಂಬುದರಲ್ಲಿ ಎರಡನೆಯ ಮಾತಿಲ್ಲ. ಆದರೆ ಆ ಬೀದಿಯಲ್ಲಿ ನಡೆಯುವಾಗ ಎಬ್ಬಿಸಲ್ಪಟ್ಟವರನ್ನೂ ನೆನೆಯಬೇಕು.

ಮುಂದೆ ಕಡಲೆಕಾಳು, ಸಾಸಿವೆಕಾಳು ಗಣಪತಿಗಳು. ಹೆಸರು ಕಾಳಿನದು, ಗಾತ್ರ ಬೆಟ್ಟದ್ದು. ಆಮೇಲೆ ಕೃಷ್ಣದೇವಾಲಯ: ಉದಯಗಿರಿಯನ್ನು ಗೆದ್ದ ರಾಯನು ಅಲ್ಲಿಂದ ತಂದ ಬಾಲಕೃಷ್ಣನಿಗಾಗಿ ಕಟ್ಟಿಸಿದ ಗುಡಿ. ಅದರ ಮುಂದೆ ಅಂಗಡಿಬೀದಿಯೂ ಪುಷ್ಕರಿಣಿಯೂ. ಸಮೀಪದಲ್ಲಿಯೇ ೧೫೨೮ರಲ್ಲಿ ಒಂದೇ ಬಂಡೆಯಲ್ಲಿ ಕಡೆದ ನರಸಿಂಹ, ಎತ್ತರ ೬.೭ ಮೀಟರು. ಜನರು ಉಗ್ರನರಸಿಂಹನೆನ್ನುತ್ತಾರೆ. ನಿಜಕ್ಕೆ ಅದು ತೊಡೆಯ ಮೇಲೆ ಲಕ್ಷ್ಮಿಯಿದ್ದ ಲಕ್ಷ್ಮೀನರಸಿಂಹ. ಲಕ್ಷ್ಮಿಯ ವಿಗ್ರಹ ಒಡೆದುಹೋದಮೇಲೆ ಉಗ್ರತೆ ಒಂದೇ ಉಳಿಯಿತು. ಪಕ್ಕದ ಬಡವಿಲಿಂಗವು ಸದಾ ನೀರಿನಲ್ಲಿ ನಿಂತಿದೆ. ಆ ನೀರು ವಿಜಯನಗರದ ಕಾಲದ ಕಾಲುವೆಯದು.

ನೀರಿನ ಪ್ರಸ್ತಾಪ ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮದು ನದಿಯಿಲ್ಲದ ಸೀಮೆ. ಕೆರೆಯನ್ನೂ ಬಾವಿಯನ್ನೂ ನಂಬಿ ಬಾಳಿದವರು ನಾವು. ಹಂಪೆಯಲ್ಲಿ ನಾವು ಎಲ್ಲಕ್ಕಿಂತ ಮಿಗಿಲಾಗಿ ನೋಡಬೇಕಾದುದು ನೀರಿನ ವ್ಯವಸ್ಥೆಯನ್ನು. ತುಂಗಭದ್ರೆಗೆ ಕಟ್ಟೆಹಾಕಿ ತಿರುಗಿಸಿದ ಅಂದಿನ ಕಾಲುವೆಗಳಲ್ಲಿ ಕೆಲವು ಇಂದಿಗೂ ಬಾಳೆ, ಭತ್ತಗಳಿಗೆ ನೀರುಣಿಸುತ್ತಿವೆ. ಅರಮನೆಯ ಪ್ರಾಕಾರದಲ್ಲಿ ಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಜೋಡಿಸಿ, ಸ್ವಲ್ಪ ಸ್ವಲ್ಪವೇ ಇಳಿಜಾರು ಕೊಟ್ಟು, ಯಂತ್ರದ ಸಹಾಯವಿಲ್ಲದೆ ನೀರನ್ನು ಹರಿಸಿದ್ದಾರೆ. ರೋಮಿನವರ ಮೇಲ್ಗಾಲುವೆಗಳ ತತ್ತ್ವವೂ ಇದೇ. ಕ್ರಿ.ಪೂ. ೧೯ರಲ್ಲಿ ಅಗ್ರಿಪ್ಪನು ತಂದ ಕಾಲುವೆಯು ಇಂದಿಗೂ ಆ ನಗರದ ಟ್ರೆವಿ ಕಾರಂಜಿಗೆ ನೀರು ಕೊಡುತ್ತಿದೆ. ೧೯೮೦ರ ದಶಕದಲ್ಲಿ ಪುರಾತತ್ತ್ವ ಇಲಾಖೆಯ ಉತ್ಖನನದಿಂದ ಮೆಟ್ಟಿಲು ಮೆಟ್ಟಿಲಾದ ಕಪ್ಪು ಕಲ್ಲಿನ ಪುಷ್ಕರಿಣಿಯೊಂದು ಹೊರಬಂದಿತು. ಅದರ ಕಲ್ಲುಗಳನ್ನು ಬಗ್ಗಿ ನೋಡಿದರೆ ಪ್ರತಿಯೊಂದರ ಮೇಲೂ ಕಲ್ಲುಕುಟಿಗರು ಕೊರೆದ ಗುರುತುಗಳು ಕಾಣುತ್ತವೆ: ಯಾವ ದಿಕ್ಕು, ಯಾವ ಸಾಲು ಎಂಬುದಕ್ಕೆ. ಬೇರೆಡೆ ಸಿದ್ಧಮಾಡಿ ತಂದು ಇಲ್ಲಿ ಜೋಡಿಸಿದರೆಂಬುದಕ್ಕೆ ಇದು ಸಾಕ್ಷಿ. ರಾಜರ ಬಿರುದುಗಳನ್ನು ಹೊಗಳುವ ಶಾಸನಗಳು ಹೇರಳವಾಗಿವೆ. ಕೂಲಿಕಾರನ ಕೈಬರಹವನ್ನು ಹೀಗೆ ನೋಡುವ ಸಂದರ್ಭ ಅಪರೂಪ. ಮಾರ್ಗದರ್ಶಿಯು ಅವಸರಪಡಿಸಿದರೂ ಇಲ್ಲಿ ಕಾಲು ಗಂಟೆ ಕಳೆಯತಕ್ಕದ್ದು.

ಅರಮನೆಗಳೆಲ್ಲಿ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ದೇವಾಲಯಗಳು ನಿಂತಿವೆ, ಅರಮನೆಗಳ ಜಗಲಿಗಳು ಮಾತ್ರ ಉಳಿದಿವೆ, ಏಕೆ? ದೇವರ ಮನೆಯನ್ನು ಬುಡದಿಂದ ಸೂರಿನವರೆಗೆ ಕಲ್ಲಿನಲ್ಲಿ ಕಟ್ಟಿದರು, ಅರಸನ ಮನೆಗೆ ಅಧಿಷ್ಠಾನವನ್ನು ಮಾತ್ರ ಕಲ್ಲಿನಲ್ಲಿ ಮಾಡಿ ಮೇಲೆ ಮರ, ಇಟ್ಟಿಗೆ, ಗಾರೆಗಳನ್ನು ಬಳಸಿದರು. ಬೆಂಕಿಗೂ ಮಳೆಗೂ ತುತ್ತಾದುದು ಆ ಮೇಲಿನ ಭಾಗ. ಮಹಾನವಮಿ ದಿಬ್ಬದ ಮೇಲೆಯೂ ಮರದ ಮಂಟಪವಿದ್ದಿರಬೇಕು. ದಿಬ್ಬದ ಮೂರು ಹಂತಗಳ ಸುತ್ತ ಆನೆ, ಕುದುರೆ, ಬೇಟೆ, ನರ್ತಕಿಯರು, ಟೊಪ್ಪಿಗೆ ತೊಟ್ಟ ಪರದೇಶದವರು ಸಾಲಾಗಿ ನಡೆದಿದ್ದಾರೆ. ೧೪೪೩ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನೂ ಆಮೇಲೆ ಪಾಯೆಸನೂ ಮಹೋತ್ಸವವನ್ನು ವರ್ಣಿಸಿದ್ದಾರೆ. ಆ ವರ್ಣನೆಗಳ ಕನ್ನಡ ಸಾರಾಂಶವನ್ನು ಕೈಯಲ್ಲಿ ಹಿಡಿದು ದಿಬ್ಬವನ್ನು ಸುತ್ತಿದರೆ ಕಲ್ಲು ಜರುಗತೊಡಗುತ್ತದೆ. ಹಜಾರ ರಾಮ ದೇವಾಲಯದ ಗೋಡೆಗಳಲ್ಲಿ ರಾಮಾಯಣವನ್ನು ಸಾಲು ಸಾಲಾಗಿ ಓದಿಕೊಂಡು ಹೋಗಬಹುದು. ಕಮಲಮಹಲು, ರಾಣಿಯ ಸ್ನಾನಗೃಹ ಮೊದಲಾದ ಹೆಸರುಗಳು ಮಾತ್ರ ಈಚಿನವರು ಇಟ್ಟವು. ಅವುಗಳ ಮೇಲೆ ಚರಿತ್ರೆಯನ್ನು ಕಟ್ಟಬಾರದು.

ಹನ್ನೊಂದು ಅಂಕಣಗಳ ಗಜಶಾಲೆಯ ಹಿಂಬದಿಯಲ್ಲಿ ಒಂದು ವಿಷ್ಣು ದೇವಾಲಯವಿದೆ. ಅಲ್ಲಿನ ಕಂಬವನ್ನು ಕೆಲವು ಯುವಕರು ತಳ್ಳಿ ಬೀಳಿಸುತ್ತಿದ್ದ ದೃಶ್ಯವು ೨೦೧೯ರ ಫೆಬ್ರವರಿಯಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ನ್ಯಾಯಾಲಯವು ನಾಲ್ವರಿಗೆ ತಲಾ ೭೦,೦೦೦ ರೂಪಾಯಿ ದಂಡ ವಿಧಿಸಿ, ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿನಿಲ್ಲಿಸುವಂತೆ ಮಾಡಿತು. ೧೫೬೫ರ ದಂಡು ಮಾಡಿದ ಹಾನಿಯನ್ನು ನಾವು ಪಠ್ಯಪುಸ್ತಕದಲ್ಲಿ ಓದಿಸುತ್ತೇವೆ. ಇದನ್ನೂ ಹೇಳಬೇಕು. ಯುದ್ಧವಾದ ಎರಡು ವರ್ಷದ ಮೇಲೆ, ೧೫೬೭ರಲ್ಲಿ, ಇಲ್ಲಿಗೆ ಬಂದ ವೆನಿಸ್ ನಗರದ ವರ್ತಕ ಫೆಡೆರಿಚಿಯು ಮನೆಗಳು ನಿಂತೇ ಇದ್ದವು, ಒಳಗೆ ಜನರಿರಲಿಲ್ಲ ಎನ್ನುತ್ತಾನೆ. ಊರು ಒಂದೇ ದಿನದಲ್ಲಿ ಹಾಳಾಗಲಿಲ್ಲ. ಎದ್ದುಹೋದವರು ಹಿಂದಿರುಗದೆ, ಕೇಳುವವರಿಲ್ಲದೆ, ಬಿದ್ದ ಕಲ್ಲು ಬಿದ್ದಂತೆಯೇ ಉಳಿದು, ತೆಗೆದುಕೊಂಡು ಹೋಗುವವರು ತೆಗೆದುಕೊಂಡು ಹೋಗಿ ಹಾಳಾಯಿತು. ರೋಮಿನ ಕೊಲೋಸಿಯಂನ ಕಲ್ಲುಗಳೂ ಹೀಗೆಯೇ ಹೊಸ ಕಟ್ಟಡಗಳಿಗೆ ಹೋದವು.

ಮಧ್ಯಾಹ್ನದ ಬಿಸಿಲಿನಲ್ಲಿ ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿರುವುದು ಲೇಸು. ಅಲ್ಲಿ ಹಂಪೆಯ ಇಡೀ ನೆಲದ ಮಾದರಿಯನ್ನು ಮಾಡಿಟ್ಟಿದ್ದಾರೆ. ಬೆಳಿಗ್ಗೆಯಿಂದ ನಡೆದ ದಾರಿಯನ್ನು ಮಕ್ಕಳು ಅದರ ಮೇಲೆ ಗುರುತಿಸಿಕೊಳ್ಳಲಿ. ಬಿಸಿಲು ಇಳಿದಮೇಲೆ ವಿಠ್ಠಲ ದೇವಾಲಯ. ಐವತ್ತು ರೂಪಾಯಿನ ನೋಟಿನ ಮೇಲಿರುವ ಕಲ್ಲಿನ ರಥವು ಏಕಶಿಲೆಯದೆಂದು ಅನೇಕರು ತಿಳಿದಿದ್ದಾರೆ; ಹಾಗಲ್ಲ, ಹಲವು ಕಲ್ಲುಗಳನ್ನು ಸಂದು ಕಾಣದಂತೆ ಕೂಡಿಸಿದ ಗರುಡನ ಗುಡಿಯದು. ಅದರ ಮೇಲೆ ಇಟ್ಟಿಗೆಯ ಶಿಖರವಿತ್ತೆಂಬುದು ೧೮೫೬ರಲ್ಲಿ ಗ್ರೀನ್‌ಲಾ ಎಂಬಾತ ತೆಗೆದ ಛಾಯಾಚಿತ್ರದಿಂದ ತಿಳಿಯುತ್ತದೆ. ಮುಂದಿರುವ ಆನೆಗಳು ಆಮೇಲೆ ತಂದಿಟ್ಟವು. ಹಿಂದೆ ನೋಡಿದರೆ ಮೊದಲಿದ್ದ ಕುದುರೆಗಳ ಕಾಲುಗಳು ಕಾಣುತ್ತವೆ. ಮಂಟಪದ ಸಣ್ಣ ಕಂಬಗಳು ನಾದ ಕೊಡುತ್ತವೆಂಬುದು ನಿಜ. ತಟ್ಟಿ ತಟ್ಟಿ ಸವೆದುದರಿಂದ ಈಗ ತಟ್ಟುವುದು ನಿಷಿದ್ಧ. ತಟ್ಟಿ ತೋರಿಸುತ್ತೇನೆನ್ನುವ ಮಾರ್ಗದರ್ಶಿಯಿದ್ದರೆ ಬೇಡವೆನ್ನಬೇಕಾದವರು ಉಪಾಧ್ಯಾಯರು. ಶಕ್ತರಾದವರು ಅಲ್ಲಿಂದ ನದಿಯ ದಂಡೆಯ ಮೇಲೆ ಪುರಂದರಮಂಟಪ, ಕೋದಂಡರಾಮ ದೇವಾಲಯಗಳನ್ನು ಹಾದು ರಥಬೀದಿಗೆ ನಡೆದೇ ಬರಬಹುದು. ಸುಮಾರು ಎರಡು ಕಿಲೋಮೀಟರಿನ ಸುಖವಾದ ದಾರಿ.

ಇನ್ನು ಪಾಠಶಾಲೆಯ ಏರ್ಪಾಟಿನ ವಿಷಯ. ಬಸ್ಸು ಒಂದೇ ಇರಲಿ, ಅರುವತ್ತು ಮಕ್ಕಳೂ ಬರಲಿ. ಹಂಪೆಯಲ್ಲಿ ಇಳಿದ ಮೇಲೆ ಐದು ತಂಡಗಳಾಗಲಿ. ಒಂದೊಂದಕ್ಕೆ ಒಬ್ಬ ಉಪಾಧ್ಯಾಯ, ಒಬ್ಬ ಮಾರ್ಗದರ್ಶಿ. ಐದೂ ಒಂದೇ ಕಡೆ ಸೇರದಂತೆ, ಎರಡು ತಂಡ ಹೇಮಕೂಟದಿಂದಲೂ ಎರಡು ವಿಠ್ಠಲದಿಂದಲೂ ಒಂದು ಅರಮನೆಯ ಪ್ರಾಕಾರದಿಂದಲೂ ಪ್ರಾರಂಭಿಸಿ ಮಧ್ಯಾಹ್ನ ಕಮಲಾಪುರದಲ್ಲಿ ಊಟಕ್ಕೆ ಕೂಡಬಹುದು. ಹೆಚ್ಚಾಗಿ ಬೀಳುವ ವೆಚ್ಚವೆಂದರೆ ನಾಲ್ವರು ಮಾರ್ಗದರ್ಶಿಗಳ ಸಂಭಾವನೆ ಮಾತ್ರ. ದಾಸೋಹಕ್ಕೆ, ಕಟ್ಟಡಕ್ಕೆ ಉದಾರವಾಗಿ ಕೊಡುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇದನ್ನೂ ಮನಸ್ಸಿಗೆ ತಂದುಕೊಳ್ಳಲೆಂದು ಪ್ರಾರ್ಥನೆ. ದಿನವನ್ನು ಗೊತ್ತುಮಾಡುವವರು ಶುಕ್ರವಾರವನ್ನು ಬಿಡಬೇಕು; ಅಂದು ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ರಜೆ.